ಹಾಲಿನ ಗಾಡಿಗೂ ದಿನಕ್ಕೆ ಹತ್ತು ನಿಮಿಷ ಕೊಡಿ



ದನದ ಡಾಕ್ಟರಿಗೆ ಗಾಡಿಯ ಉಸಾಬರಿ ಯಾಕೆ ಎನ್ನಬೇಡಿ. ಕಳೆದ ಬೇಸಿಗೆಯಲ್ಲಿ ಅತನೂರ ಹತ್ತಿರ ಹಾಲಿನ ಪಿಕಪ್ ನಡುದಾರಿಯಲ್ಲಿ ನಿಂತಿತ್ತು. "ಸಾಹೇಬ್ರ, ಇಂಜಿನ್ನೇ ಹೋಗ್ಯಾದ್ರಿ" ಎಂದ ಚಾಲಕ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಇಳಿದಿತ್ತು. ಎರಡು ತಾಸಿನ ಮೇಲೆ ಬಂದ ಮೆಕ್ಯಾನಿಕ್ ನೋಡಿದರೆ, ಡೀಸೆಲ್ ಫಿಲ್ಟರಿನಲ್ಲಿ ನೀರು ತುಂಬಿತ್ತು, ಅಷ್ಟೇ. ರಿಪೇರಿ ಕಾಲು ತಾಸಿನದು. ಆದರೆ ಕ್ಯಾನುಗಳಲ್ಲಿದ್ದ ಹಾಲು ಕಾಯಿಸಿ ನೋಡಿದಾಗ ಒಡೆಯಿತು. ನಷ್ಟ ಬಿದ್ದದ್ದು ನಸುಕಿನಲ್ಲಿ ಎದ್ದು ಹಿಂಡಿದವರ ಮೇಲೆ.

ಆಗತಾನೇ ಹಿಂಡಿದ ಹಾಲು ಆಕಳ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ತಾಸಿಗೊಮ್ಮೆ ದುಪ್ಪಟ್ಟಾಗಬಲ್ಲವು. 4 ಡಿಗ್ರಿಗೆ ತಣಿಸಿದಾಗಲೇ ಅವುಗಳ ಓಟಕ್ಕೆ ಕಡಿವಾಣ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಗಾಡಿ ನಿಲ್ಲುವುದೂ ಕೆಚ್ಚಲು ಬಾವಿನಷ್ಟೇ ದುಬಾರಿ.

ದನ ಮೇವು ಬಿಟ್ಟರೆ ಸೂಜಿ ಹಾಕುವ ಮೊದಲು ಸಗಣಿ, ಮೂಗು, ಮೆಲುಕು ನೋಡುತ್ತೇವೆ. ಗಾಡಿಯೂ ಹಾಗೆಯೇ ಗುರುತು ತೋರಿಸುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಚಾಲೂ ಆಗದಿದ್ದರೆ ಮೊದಲು ಡೀಸೆಲ್ ನೋಡಿ: ಟ್ಯಾಂಕ್ ಖಾಲಿಯೇ, ಫಿಲ್ಟರಿನಲ್ಲಿ ನೀರಿದೆಯೇ, ಪೈಪಿನಲ್ಲಿ ಗಾಳಿ ಹಿಡಿದಿದೆಯೇ? ಸೆಲ್ಫ್ ಬರೀ ಟಕ್ ಟಕ್ ಎಂದರೆ ಬ್ಯಾಟರಿಯ ತುದಿಗಳು ಸಡಿಲವಾಗಿರಬಹುದು, ಕಿಲುಬು ಹಿಡಿದಿರಬಹುದು. ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾದರೆ ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಎರೆ ಹೊಲದ ದಾರಿಯ ಧೂಳು ಅದನ್ನು ಬೇಗ ಕಟ್ಟಿಸುತ್ತದೆ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ. ಬ್ಯಾಟರಿ ದೀಪ ಹತ್ತಿ, ಹೀಟ್ ಮುಳ್ಳೂ ಏರಿದರೆ ಫ್ಯಾನ್ ಬೆಲ್ಟ್ ಹರಿದಿರಬಹುದು. ಕೂಡಲೇ ಇಂಜಿನ್ ಬಂದ್ ಮಾಡಿ.

ಎರಡು ಎಚ್ಚರಿಕೆ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಮುಖ ಸುಟ್ಟೀತು. ಕಾಮನ್ ರೇಲ್ ಇಂಜಿನ್ನಿನ ಹೈ ಪ್ರೆಶರ್ ಪೈಪುಗಳನ್ನು ನೀವೇ ಬಿಚ್ಚಬೇಡಿ.

"ಗಾಡಿ ಗುತ್ತಿಗೆದಾರರದು, ನಮಗ್ಯಾಕ್ರಿ?" ಎಂದು ಕೆಲವರು ಕೇಳುತ್ತಾರೆ. ಗಾಡಿ ಅವರದು ನಿಜ, ಒಳಗಿನ ಹಾಲು ನಿಮ್ಮದು. ಗಾಡಿ ನಿಂತರೆ ಅವರಿಗೆ ಹೋಗುವುದು ಒಂದು ಟ್ರಿಪ್ಪಿನ ಬಾಡಿಗೆ. ನಿಮಗೆ ಹೋಗುವುದು ಇಡೀ ಹೊತ್ತಿನ ಹಾಲು. ಆದ್ದರಿಂದ ಮುಂದಿನ ಸಂಘದ ಸಭೆಯಲ್ಲಿ ಮೂರು ಮಾತು ಕೇಳಿ: ದಿನಾ ಹೊರಡುವ ಮುನ್ನ ಆಯಿಲ್, ಕೂಲಂಟ್, ಬೆಲ್ಟ್, ಟೈರ್ ಯಾರು ನೋಡುತ್ತಾರೆ? ಫಿಲ್ಟರ್ ಬದಲಿಸಿದ ತಾರೀಕು ಎಲ್ಲಿ ಬರೆದಿಟ್ಟಿದ್ದೀರಿ? ಗಾಡಿ ಕೆಟ್ಟರೆ ಯಾವ ಬದಲಿ ಗಾಡಿಗೆ ಫೋನ್ ಮಾಡುತ್ತೀರಿ?

ಅಷ್ಟಾದರೂ ಗಾಡಿ ನಿಂತಿತೆನ್ನಿ. ಬಾನೆಟ್ ಎತ್ತುವ ಮೊದಲು ಬದಲಿ ಗಾಡಿಗೆ ಫೋನ್ ಮಾಡಿ, ಕ್ಯಾನುಗಳನ್ನು ನೆರಳಿಗಿಟ್ಟು ಒದ್ದೆ ಗೋಣಿಚೀಲ ಹೊದಿಸಿ. ಇಂಜಿನ್ ನಾಳೆಯೂ ರಿಪೇರಿ ಆದೀತು, ಒಡೆದ ಹಾಲು ಕೂಡಲಾರದು.