ಮಗುವಿನ ಮುಖ ನೋಡಿ ಸೀಟು ಕೊಡುವುದು ನಿಲ್ಲಲಿ



ಶಾಲೆಗೆ ಸಮವಸ್ತ್ರ ಯಾಕೆ ಎಂದು ಯಾವ ಹೆಡ್‌ಮಾಸ್ಟರನ್ನು ಕೇಳಿದರೂ ಉತ್ತರ ಒಂದೇ: ಬಡವ ಬಲ್ಲಿದ ಎಂಬ ಭೇದ ಮಕ್ಕಳ ನಡುವೆ ಕಾಣಬಾರದು. ಒಳ್ಳೆಯ ಮಾತು. ಆದರೆ ಮಗು ಸಮವಸ್ತ್ರವಿಲ್ಲದೆ ಶಾಲೆಯ ಮೆಟ್ಟಿಲು ಹತ್ತುವ ದಿನ ಒಂದಿದೆ, ಅದು ಅಡ್ಮಿಷನ್ ಇಂಟರ್‌ವ್ಯೂ ದಿನ. ಅವತ್ತು ಮಗುವಿನ ಮೈಬಣ್ಣ, ಹಲ್ಲು, ಕೂದಲು, ಅಪ್ಪನ ಚಪ್ಪಲಿ, ಅಮ್ಮನ ಸೀರೆ ಎಲ್ಲವೂ ಮೇಜಿನ ಆಚೆ ಕೂತವರ ಕಣ್ಣಿಗೆ ಬೀಳುತ್ತವೆ. ಭೇದ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಆ ದಿನವೇ ಸೀಟು ಯಾರಿಗೆ ಎಂಬುದು ತೀರ್ಮಾನವಾಗುತ್ತದೆ.

ನಮ್ಮ ಪಂದಲೂರು ತಾಲ್ಲೂಕಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೇರಂಬಾಡಿ, ದೇವಾಲ, ಅಯ್ಯನ್‌ಕೊಲ್ಲಿ ಕಡೆಯ ಲೈನ್‌ಮನೆಯ ತಾಯಿ ಒಂದು ದಿನದ ಕೂಲಿ ಬಿಟ್ಟು ಬರುತ್ತಾಳೆ. ಎಲೆ ಕಿತ್ತು ಕಿತ್ತು ಬೆರಳಿಗೆ ಹಿಡಿದ ಕರೆ ಸೋಪಿಗೆ ಹೋಗುವುದಿಲ್ಲ. ಮಳೆ ಹಿಡಿದಿದ್ದರೆ ಕೆಸರು ಮೊಣಕಾಲ ತನಕ. 1964ರ ಒಪ್ಪಂದದ ನಂತರ ಲಂಕೆಯಿಂದ ಬಂದು ಇಲ್ಲಿ ನೆಲೆ ನಿಂತವರ ಮೊಮ್ಮಕ್ಕಳು, ಪಣಿಯ ಮಕ್ಕಳು, ಕಾಟುನಾಯಕ ಮಕ್ಕಳು ಬಾಯಿ ಬಿಡುವ ಮೊದಲೇ ಅವರ ಮೈಬಣ್ಣವೇ ಅವರ ಸರ್ಟಿಫಿಕೇಟ್ ಆಗಿಬಿಡುತ್ತದೆ. ಕಣ್ಣು ಓರೆ ಇರುವ ಮಗುವೋ, ಸೀಳುತುಟಿ ಹೊಲಿದ ಮಗುವೋ ಆದರೆ ಕೇಳುವುದೇ ಬೇಡ. ‘ಸೀಟು ಇಲ್ಲ’ ಎನ್ನುತ್ತಾರೆ. ಕಾರಣ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ.

‘ನಾವು ರೂಪ ನೋಡುವುದಿಲ್ಲ, ಮಗುವಿನ ಚುರುಕು, ಮನೆಯವರ ಆಸಕ್ತಿ ನೋಡುತ್ತೇವೆ’ ಎಂದು ಶಾಲೆಯವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಹೇಳುವುದಿಲ್ಲ. ಕಷ್ಟ ಅದಕ್ಕಿಂತ ಆಳದ್ದು. 1973ರಲ್ಲಿ ಅಮೆರಿಕದ ಮಾರ್ಗರೆಟ್ ಕ್ಲಿಫರ್ಡ್ ಮತ್ತು ಎಲೈನ್ ವಾಲ್‌ಸ್ಟರ್ ಎಂಬ ಇಬ್ಬರು ಸಂಶೋಧಕಿಯರು ಐದನೇ ತರಗತಿಯ ಟೀಚರ್‌ಗಳಿಗೆ ಒಂದೇ ರಿಪೋರ್ಟ್ ಕಾರ್ಡ್ ಕಳಿಸಿದರು. ಅಂಕ ಅದೇ, ಹಾಜರಿ ಅದೇ. ಅಂಟಿಸಿದ ಫೋಟೋ ಮಾತ್ರ ಬೇರೆ ಬೇರೆ. ಮುಖ ಲಕ್ಷಣವಾಗಿದ್ದ ಮಗು ಹೆಚ್ಚು ಬುದ್ಧಿವಂತ, ಮುಂದೆ ಹೆಚ್ಚು ಓದುತ್ತದೆ ಎಂದರು ಟೀಚರ್‌ಗಳು. ಅಷ್ಟೇ ಅಲ್ಲ, ಆ ಮಗುವಿನ ತಂದೆತಾಯಿಗೆ ಓದಿನಲ್ಲಿ ಹೆಚ್ಚು ಆಸಕ್ತಿ ಇದೆ ಎಂದೂ ಊಹಿಸಿದರು! ತಂದೆತಾಯಿಯನ್ನು ಅವರು ನೋಡಿಯೇ ಇರಲಿಲ್ಲ. ‘ಚುರುಕು’, ‘ಆಸಕ್ತಿ’ ಎಂದು ನಾವು ಕರೆಯುವುದರಲ್ಲಿ ಮುಖದ ಪಾಲೆಷ್ಟು ಎಂಬುದು ಒಳ್ಳೆಯ ಮನಸ್ಸಿನ ಟೀಚರ್‌ಗೂ ತಿಳಿಯುವುದಿಲ್ಲ. ಹತ್ತು ನಿಮಿಷದ ಇಂಟರ್‌ವ್ಯೂನಲ್ಲಂತೂ ಕಾಣಲು ಮುಖ ಬಿಟ್ಟು ಬೇರೇನಿದೆ?

ಸರ್ಕಾರಕ್ಕೆ ಇದು ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸೋಸಿ ಆರಿಸುವಂತಿಲ್ಲ. ಮೊದಲ ತಪ್ಪಿಗೆ 25,000 ರೂಪಾಯಿ ತನಕ ದಂಡ, ಆಮೇಲೆ ಪ್ರತಿ ಸಲಕ್ಕೆ 50,000 ತನಕ. ಕಾಯ್ದೆ 6ರಿಂದ 14 ವರ್ಷದವರಿಗೆ, ಎಲ್‌ಕೆಜಿ ಮಗುವಿಗೆ ಆರು ತುಂಬಿಲ್ಲ ಎಂಬ ಸಂದು ಬೇರೆ ಇದೆ. ಅದನ್ನು ಬಿಡೋಣ. ನಮ್ಮ ಮನೆಯ ಸಂದು ಇದಕ್ಕಿಂತ ದೊಡ್ಡದು.

2012ರಲ್ಲಿ ಸುಪ್ರೀಂ ಕೋರ್ಟು ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳನ್ನೂ ಹೊರಗಿಟ್ಟಿತು. ಅಂದರೆ ಪಕ್ಕದ ಖಾಸಗಿ ಶಾಲೆ ಮಗುವನ್ನು ಸೋಸಿದರೆ ಅಪರಾಧ, ಶಿಲುಬೆ ಹೊತ್ತ ಶಾಲೆ ಸೋಸಿದರೆ ಈ ಕಾಯ್ದೆಯ ದಂಡ ತಟ್ಟುವುದಿಲ್ಲ. ಸಂವಿಧಾನದ 30ನೇ ವಿಧಿ ನಮಗೆ ಕೊಟ್ಟ ಹಕ್ಕು ಅಮೂಲ್ಯ, ಅದನ್ನು ಯಾರೂ ಕಸಿಯಬಾರದು. ಆದರೆ ಸಂಖ್ಯೆಯಲ್ಲಿ ಸಣ್ಣವರನ್ನು ಕಾಯಲೆಂದು ಕೊಟ್ಟ ಹಕ್ಕು ಇನ್ನೂ ಸಣ್ಣವರನ್ನು ಬಾಗಿಲಲ್ಲಿ ತಡೆಯಲು ಬಳಕೆಯಾದರೆ ನಾವು ಸುಮ್ಮನಿರಬೇಕೇ? 2021ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಪ್ರಕಟಿಸಿದ ವರದಿಯಲ್ಲಿ, ಅಲ್ಪಸಂಖ್ಯಾತ ಶಾಲೆಗಳಲ್ಲಿ ಓದುವ ಹಿಂದುಳಿದ, ಬಡ ಮಕ್ಕಳು 100ಕ್ಕೆ 9ಕ್ಕಿಂತ ಕಡಿಮೆ ಎಂದಿದೆ. ಆಯೋಗದ ಉದ್ದೇಶದ ಬಗ್ಗೆ ಬೇಕಾದರೆ ಜಗಳವಾಡೋಣ. ಅಂಕಿ ತಪ್ಪು ಎನ್ನಬೇಕಾದರೆ ನಮ್ಮ ಹಾಜರಿ ಪುಸ್ತಕ ತೆರೆದು ತೋರಿಸಬೇಕು.

ಕಾನೂನು ಬಿಟ್ಟರೂ ಶುಭಸಂದೇಶ ಬಿಡುವುದಿಲ್ಲ. ಸಂತ ಯಕೋಬರ ಪತ್ರದ 2ನೇ ಅಧ್ಯಾಯ ಓದಿ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠ, ಕೊಳೆ ಬಟ್ಟೆಯವನಿಗೆ ನಿಲ್ಲಲು ಮೂಲೆ ಕೊಡುವವರನ್ನು ಅವರು ಕೆಟ್ಟ ನ್ಯಾಯಾಧೀಶರೆಂದೇ ಕರೆಯುತ್ತಾರೆ. ಇಂಟರ್‌ವ್ಯೂ ಕೋಣೆಯನ್ನು ನೋಡಿಯೇ ಬರೆದಂತಿದೆ. ಪ್ರತಿ ಶುಭ ಶುಕ್ರವಾರ ನಾವು ಕೇಳುವ ಯೆಶಾಯನ ವಾಚನದಲ್ಲಿ ಆ ದೇವಸೇವಕನಿಗೆ ನೋಡಲು ರೂಪವಿಲ್ಲ, ಅಂದವಿಲ್ಲ, ಜನ ಮುಖ ತಿರುಗಿಸುತ್ತಾರೆ. ಆತನಿಗೆ ಯಾವ ಶಾಲೆಯಲ್ಲಿ ಸೀಟು ಸಿಗುತ್ತಿತ್ತು?

ತಂದೆತಾಯಂದಿರಿಗೂ ಒಂದು ಮಾತು. ಇಂಟರ್‌ವ್ಯೂಗೆ ಮುಂಚೆ ನಾಲ್ಕು ವರ್ಷದ ಮಗುವಿನ ಮುಖಕ್ಕೆ ಪೌಡರ್ ಬಳಿದು ‘ಬೆಳ್ಳಗೆ ಕಾಣ್ಬೇಕು ಕಂದಾ’ ಎನ್ನುವಾಗ ಮಗು ಏನು ಕಲಿಯುತ್ತದೆ? (ಯಾವುದಾದರೂ ಊರಿನ ಕ್ರಿಸ್ಮಸ್ ನಾಟಕದಲ್ಲಿ ಕಪ್ಪು ಹುಡುಗಿಗೆ ಮರಿಯಮ್ಮನ ಪಾತ್ರ ಸಿಕ್ಕಿದ್ದು ನೋಡಿದ್ದೀರಾ? ನೋಡಿದ್ದರೆ ನಮಗೂ ತಿಳಿಸಿ.)

ಸೀಟು ಕಡಿಮೆ, ಅರ್ಜಿ ಹೆಚ್ಚು, ಹೇಗಾದರೂ ಆರಿಸಲೇಬೇಕಲ್ಲ ಎಂಬ ಮಾತು ನಿಜ. ಅದಕ್ಕೂ ದಾರಿ ಇದೆ. ಅದೇ ಕಾಯ್ದೆ ಚೀಟಿ ಎತ್ತುವಂಥ ವಿಧಾನವನ್ನು ಸೋಸುವಿಕೆ ಎಂದು ಎಣಿಸುವುದಿಲ್ಲ. ನಮಗೇನೂ ಇದು ಹೊಸತಲ್ಲ. ಯೂದನ ಜಾಗ ಖಾಲಿಯಾದಾಗ ಇಬ್ಬರು ಯೋಗ್ಯರಿದ್ದರು. ಪ್ರೇಷಿತರು ಅವರಿಗೆ ಇಂಟರ್‌ವ್ಯೂ ಮಾಡಲಿಲ್ಲ. ಪ್ರಾರ್ಥಿಸಿ ಚೀಟಿ ಹಾಕಿದರು, ಮತ್ತೀಯನಿಗೆ ಬಂತು.

ಆದ್ದರಿಂದ ಮುಂದಿನ ಪ್ಯಾರಿಷ್ ಕೌನ್ಸಿಲ್ ಸಭೆಯಲ್ಲಿ ಯುವಜನರಾದ ನಾವು ಕೇಳುವುದಿಷ್ಟು. ಧರ್ಮಸಭೆಯ ಶಾಲೆಗಳಲ್ಲಿ ಎಲ್‌ಕೆಜಿ, ಒಂದನೇ ತರಗತಿಗೆ ಮಗುವಿನ, ತಂದೆತಾಯಿಯ ಇಂಟರ್‌ವ್ಯೂ ಬೇಡ. ಅರ್ಜಿಗೆ ಫೋಟೋ ಬೇಡ, ಸೀಟು ಸಿಕ್ಕ ಮೇಲೆ ಅಂಟಿಸಲಿ. ಅರ್ಜಿ ಹೆಚ್ಚಾದರೆ ಎಲ್ಲರ ಮುಂದೆ, ಶಾಲೆಯ ಅಂಗಳದಲ್ಲೇ ಚೀಟಿ ಎತ್ತಲಿ. ಕಾನೂನು ಬಲವಂತ ಮಾಡುವ ತನಕ ಕಾಯುವುದು ಬೇಡ. ಪತ್ರ ಬರೆದಿಟ್ಟಿದ್ದೇವೆ. ಸಹಿ ಹಾಕುವವರು ಭಾನುವಾರ ಪೂಜೆ ಮುಗಿದ ಮೇಲೆ ಗುಡಿಯ ಬಾಗಿಲಲ್ಲಿ ಸಿಗಿ.