ಕಸದಬುಟ್ಟಿಗೂ ವಕೀಲರು ಬಂದಿದ್ದರು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ, ಆದರೆ ಟಿಪಿಎಂ 2.0 ಇಲ್ಲ, ಹಾಗಾಗಿ ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ ಅಂದರು, ಮುಗೀತು. ಇದನ್ನು ಟೆಕ್ ಸುದ್ದಿ ಅಂತ ಪಕ್ಕಕ್ಕಿಡೋಕೆ ನನಗಾಗಲ್ಲ. ಇದು ಒಡೆತನದ ಪ್ರಶ್ನೆ.

ಜೆಮ್‌ನ ಕತೆ ನೋಡಿ. ಡಾಸ್ ಅಂದರೆ ಕಪ್ಪು ಪರದೆ, ಎಲ್ಲವನ್ನೂ ಟೈಪ್ ಮಾಡಬೇಕು. 1985ರಲ್ಲಿ ಡಿಜಿಟಲ್ ರಿಸರ್ಚ್ ಕಂಪನಿ ಅದರ ಮೇಲೆ ಮೌಸ್‌ನಿಂದ ಕ್ಲಿಕ್ ಮಾಡುವ ಚಿತ್ರಗಳ ಹೊದಿಕೆ ತಂದಿತು. ಅದೇ ಜೆಮ್. ನಮ್ಮ ಮ್ಯಾಕಿಂಟಾಷ್ ಥರಾನೇ ಇದೆ ಅಂತ ಆಪಲ್ ಕಾನೂನಿನ ಬೆದರಿಕೆ ಹಾಕಿತು. ಮುಂದಿನ ಆವೃತ್ತಿಯ ಡೆಸ್ಕ್‌ಟಾಪ್‌ನಲ್ಲಿ ಎರಡೇ ಕಿಟಕಿ, ಅವನ್ನೂ ಸರಿಸುವಂತಿಲ್ಲ. ಕಸದಬುಟ್ಟಿಯ ಚಿತ್ರವೂ ಹೋಯಿತು. ಬಳಸುವವರನ್ನು ಯಾರು ಕೇಳ್ತಾರೆ?

1999ರಲ್ಲಿ, ಆಗ ಅದರ ಒಡೆತನವಿದ್ದ ಕಾಲ್ಡೆರಾ ಬಳಗ ಮೂಲ ಕೋಡನ್ನು ಜಿಪಿಎಲ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮಾರುಕಟ್ಟೆಗೆ ಬೇಡವಾದ ಮೇಲೆ ಬಂದ ಔದಾರ್ಯ, ಇರಲಿ. ಹವ್ಯಾಸಿಗಳು ಫ್ರೀಜೆಮ್ ಹೆಸರಲ್ಲಿ ಕೂತು, ವಕೀಲರ ಭಯಕ್ಕೆ ಕಿತ್ತುಹಾಕಿದ್ದನ್ನು ಮತ್ತೆ ಜೋಡಿಸಿದರು. 1994ರಲ್ಲಿ ಇಂಥ ಹವ್ಯಾಸಿಗಳೇ ಶುರುಮಾಡಿದ ಫ್ರೀಡಾಸ್ ಮೇಲೂ ಅದು ಓಡುತ್ತೆ.

ಹಳೇ ಡಾಸ್ ಮೇಲೆ ಟೈಂಪಾಸ್ ಅಂತ ನಗುವವರಿದ್ದಾರೆ. ವಿಂಡೋಸ್ 10ಕ್ಕೆ ಆ ಟೈಂಪಾಸ್ ಕೂಡ ಸಾಧ್ಯವಿಲ್ಲ, ಯಾಕಂದ್ರೆ ಕೋಡ್ ಬೀಗದೊಳಗಿದೆ. ನಮ್ಮಲ್ಲಿ ರಿಪೇರಿ ಹಕ್ಕು ಅಂದರೆ ಬ್ಯಾಟರಿ, ಪರದೆ, ಬಿಡಿಭಾಗ. ಬೆಂಬಲ ನಿಲ್ಲಿಸುವ ಕಂಪನಿ ಕೋಡ್ ತೆರೆಯಬೇಕು ಅನ್ನೋದನ್ನೂ ಆ ಬೇಡಿಕೆಗೆ ಸೇರಿಸೋಣ.