ನಮ್ಮೂರ ನದಿ ಯಾವುದು, ತಾತ?

ಮಕ್ಕಳೇ, ಹೋದ ವಾರ ನನ್ನ ಮೊಮ್ಮಗಳು ಕರ್ನಾಟಕದ ನಕ್ಷೆ ಹರಡಿಕೊಂಡು ಕೂತಿದ್ದಳು. ಒಂಬತ್ತನೇ ತರಗತಿ. ಕೃಷ್ಣಾ, ಕಾವೇರಿ, ತುಂಗಭದ್ರಾ ಎಲ್ಲದಕ್ಕೂ ನೀಲಿ ಪೆನ್ಸಿಲ್ ಎಳೆದಾಗಿತ್ತು. "ತಾತ, ಮುರುಗಮಲ್ಲದ ನದಿ ಯಾವುದು?" ಅಂದಳು.

"ನಮಗೆ ನದಿ ಇಲ್ಲಮ್ಮ."

"ಮತ್ತೆ ಇಲ್ಲಿ ಊರು ಯಾಕೆ ಬಂತು? ಊರುಗಳು ನದಿ ದಡದಲ್ಲಿ ಹುಟ್ಟುತ್ತವೆ ಅಂತ ಮಿಸ್ ಹೇಳಿದಾರೆ."

ನಾನು ಓದಿದ್ದು ಬಿ.ಕಾಂ. ಆದರೂ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಬ್ಯಾಂಕಿನ ಸಾಲದ ಲೆಡ್ಜರಿನಲ್ಲೇ ಅದನ್ನು ಕಲಿತಿದ್ದೆ.

ಮೊದಲು ಬೆಟ್ಟದಿಂದ ಶುರು ಮಾಡೋಣ. ನಮ್ಮ ಜಿಲ್ಲೆಯ ನಂದಿಬೆಟ್ಟ 1,478 ಮೀಟರ್ ಎತ್ತರ. ಆ ಸೀಮೆಯಲ್ಲಿ ಹುಟ್ಟುವ ನದಿಗಳನ್ನು ಎಣಿಸಿ ನೋಡಿ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುತ್ತದೆ. ಚಿತ್ರಾವತಿ ಬಾಗೇಪಲ್ಲಿ ದಾಟಿ ಅದೇ ಕಡೆಗೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ಹಾದು ತಮಿಳುನಾಡಿಗೆ. ಅರ್ಕಾವತಿ ಕಾವೇರಿಗೆ. ಪಾಪಾಗ್ನಿ, ಪಾಲಾರ್ ಕೂಡ ನಮ್ಮ ಕಡೆಯವೇ. ಇಷ್ಟು ನದಿಗಳ ತವರಾದರೂ ವರ್ಷವಿಡೀ ಹರಿಯುವುದು ಇಲ್ಲಿ ಒಂದೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ! ನಾವಿರುವುದು ಮಾಳಿಗೆಯ ಮೇಲೆ. ಮಾಳಿಗೆ ಮೇಲೆ ಬಿದ್ದ ಮಳೆ ನಾಲ್ಕೂ ಕಡೆ ಇಳಿದು ಹೋಗುತ್ತದೆ.

ಆ ಮಳೆಯೂ ಕಡಿಮೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲೇ ಕೈ ಖಾಲಿ ಮಾಡಿಕೊಂಡು ಇತ್ತ ಬರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿದರೆ ನಮ್ಮಲ್ಲಿ ಸುಮಾರು 700. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಕೈಹಿಡಿದರೆ ಉಂಟು. ಕೆಲವೊಮ್ಮೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕೊನೆಗಳಿಗೆಯಲ್ಲಿ ಸುರಿದುಬಿಡುತ್ತದೆ. 2021ರ ನವೆಂಬರ್ ನಿಮಗೂ ನೆನಪಿರಬಹುದು. ರಸ್ತೆ ಮೇಲೆಲ್ಲ ನೀರು, ಕೆರೆಗಳು ಕೋಡಿ ಬಿದ್ದವು.

ಹೀಗೆ ನಾಲ್ಕು ದಿನ ಬಂದು ಹೋಗುವ ನೀರನ್ನು ಹಿಡಿದಿಡಲು ಹಿರಿಯರು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಏರಿಯ ಕೆಳಗೆ ಗದ್ದೆ, ಭತ್ತ. ಮೇಲೆ ಹೊಲ, ರಾಗಿ, ಅವರೆ, ಕಡಲೆಕಾಯಿ. ನೀರು ಏರದ ದಿಣ್ಣೆಯ ಮೇಲೆ ಊರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ನೀರುಗಂಟಿ. 'ಸಂದ್ರ' ಎಂದು ಕೊನೆಯಾಗುವ ಊರ ಹೆಸರು ಕೇಳಿರುತ್ತೀರಿ, ನಮ್ಮ ಜಿಲ್ಲೆಯ ಪೇರೇಸಂದ್ರದ ಹಾಗೆ. ಅದು 'ಸಮುದ್ರ'. ಕೆರೆಯನ್ನೇ ಸಮುದ್ರ ಎಂದು ಕರೆದರು ನಮ್ಮವರು!

ಇನ್ನು ಲೆಡ್ಜರಿಗೆ ಬರೋಣ. ನಾನು ಕೆಲಸಕ್ಕೆ ಸೇರಿದ ಎಪ್ಪತ್ತರ ದಶಕದಲ್ಲಿ ರೈತರು ತೋಡುಬಾವಿಗೆ ಸಾಲ ಕೇಳುತ್ತಿದ್ದರು. ಆಳ 40 ಅಡಿ. ಕೆರೆಯ ನೀರು ಭೂಮಿಯೊಳಗೆ ಇಂಗಿ ಆ ಬಾವಿಗಳಿಗೆ ಬರುತ್ತಿತ್ತು. ಆಮೇಲೆ ಅರ್ಜಿಗಳಲ್ಲಿ 'ಬೋರ್‌ವೆಲ್' ಎಂಬ ಪದ ಬಂತು, 200 ಅಡಿ. ಸ್ವಿಚ್ ಹಾಕಿದರೆ ನೀರು ಬರುವಾಗ ಕೆರೆಯ ಹೂಳು ಎತ್ತುವವರು ಯಾರು? ಕಾಲುವೆ ಮುಚ್ಚಿದವು, ಕೆರೆಯ ಮೇಲ್ಗಡೆ ನೀಲಗಿರಿ ತೋಪು ಬೆಳೆಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಅದೇ ಅರ್ಜಿಯಲ್ಲಿ 1,000 ಅಡಿ ಎಂದು ಬರೆಯುತ್ತಿದ್ದೆ. ನಮ್ಮ ನೆಲದಡಿ ಗಟ್ಟಿ ಕಲ್ಲು. ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ. ಅಷ್ಟು ಆಳದಲ್ಲಿ ಸಿಕ್ಕರೂ ಎಷ್ಟೋ ಕಡೆ ಫ್ಲೋರೈಡ್ ಹೆಚ್ಚು, ಕುಡಿದ ಮಕ್ಕಳ ಹಲ್ಲು ಕಂದು ಕಟ್ಟುತ್ತದೆ.

ಒಬ್ಬ ರೈತರು ಮೂರನೇ ಬೋರು ಕೊರೆಸಿ ಬಂದು ನನ್ನ ಕೌಂಟರಿನ ಮುಂದೆ ನಿಂತರು. "ಬರೀ ಧೂಳು ಬಂತು ಸಾರ್" ಅಂದರು, ಅಷ್ಟೇ. ಸೀಮೆಹಸು ಮಾರಿ ಕಂತು ಕಟ್ಟಿದರು. ಆ ಮೂರೂ ಸಾಲದ ಕಾಗದ ಬರೆದ ಕೈ ನನ್ನದೇ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ನೀರು ಕಡಿಮೆಯಾದಂತೆ ಕಸುಬೂ ಬದಲಾಯಿತು. ಭತ್ತ ಹೋಯಿತು. ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು ಉಳಿದವು, ಹಿಪ್ಪುನೇರಳೆ ಭತ್ತದಷ್ಟು ನೀರು ಕೇಳುವುದಿಲ್ಲವಲ್ಲ. ಮುರುಗಮಲ್ಲಕ್ಕೆ ದರ್ಗಾಕ್ಕೆ ಬರುವ ಜನರಿಂದ ಒಂದಷ್ಟು ವ್ಯಾಪಾರ ಉಂಟು. ಅಕ್ಕಪಕ್ಕದ ಹಳ್ಳಿಗಳಿಗೆ ಆ ಆಸರೆಯೂ ಇಲ್ಲ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಬಾವಿಗೆ ನೀರು ಬಂತು ಎನ್ನುವವರಿದ್ದಾರೆ. ಮೂರನೇ ಹಂತವೂ ಆಗಲಿ ಎಂದು ಧರಣಿ ಕೂತವರೂ ಇದ್ದಾರೆ. ನನ್ನನ್ನು ಕೇಳಿದರೆ, ಧರಣಿಯವರ ಮಾತು ನ್ಯಾಯವಾದದ್ದು.

ಇಷ್ಟೆಲ್ಲ ಕೇಳಿದ ಮೊಮ್ಮಗಳು, "ಹಾಗಾದರೆ ಮುರುಗಮಲ್ಲಕ್ಕೆ ಏನು ಬರೆಯಲಿ?" ಅಂದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಕೆರೆ ಏರಿಯ ಮೇಲೆ ನಡೆದು ಕೋಡಿಯವರೆಗೆ ಹೋದೆವು. ಅಲ್ಲಿಂದ ಕಾಲುವೆ ಹುಡುಕುತ್ತಾ ಹೊರಟರೆ, ಅರ್ಧ ದಾರಿಯಲ್ಲೇ ಅದು ಲಂಟಾನದ ಪೊದೆಯೊಳಗೆ ಮಾಯ!

ನಿಮ್ಮೂರ ಕೆರೆಯ ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ? ಮನೆಯ ಅಜ್ಜಿ, ತಾತನನ್ನು ಕೇಳಿ, ಆಗುವುದಾದರೆ ಅವರ ಜೊತೆ ನಡೆದು ನೋಡಿ, ನನಗೆ ಬರೆಯಿರಿ.